ಅಡಿಗೆಮನೆಯ ಅಂಕಿಗಳು

ದೆಹಲಿಯ ಲೋಧಿ ಕಾಲೋನಿಯ ನಮ್ಮ ಕ್ವಾರ್ಟರ್ಸಿನಲ್ಲಿ ಎರಡು ಬಗೆಯ ಅಂಕಿಗಳಿದ್ದವು. ಒಂದರ ಕೋಣೆಗೆ ಇನ್ನೊಂದು ಬರುತ್ತಿರಲಿಲ್ಲ. ಮುಂದಿನ ಕೋಣೆಯಲ್ಲಿದ್ದವೆಲ್ಲ ಇಂಗ್ಲಿಷ್ ಅಂಕಿಗಳು: ಅಪ್ಪನ ಗೋಡೆ ಗಡಿಯಾರ, ಅಪ್ಪನ ಕಚೇರಿಯಿಂದ ಬಂದ ಕ್ಯಾಲೆಂಡರು, ಬಾಗಿಲ ಮೇಲೆ ಕಪ್ಪು ಬಣ್ಣದಲ್ಲಿ ಬರೆದ ಮನೆಯ ನಂಬರು. ಅಡಿಗೆಮನೆಯಲ್ಲಿ ಕನ್ನಡ ಅಂಕಿಗಳು. ತುಮಕೂರಿನಿಂದ ದೊಡ್ಡಮ್ಮ ಸುರುಳಿ ಸುತ್ತಿ ಕಳಿಸುತ್ತಿದ್ದ ಕ್ಯಾಲೆಂಡರು ಅಲ್ಲಿ ತೂಗುತ್ತಿತ್ತು. ಅದರ ಕೆಳಗೆ, ಸುಣ್ಣದ ಗೋಡೆಯ ಮೇಲೆಯೇ, ಅಮ್ಮ ಪೆನ್ಸಿಲಿನಲ್ಲಿ ಬರೆದ ಸಾಲುಗಳು: ಧೋಬಿಗೆ ಹೋದ ಬಟ್ಟೆ ೨೩, ನಿಂಬೆಕಾಯಿ ಉಪ್ಪಿಗೆ ಬಿದ್ದು ೧೧ ದಿನ, ಅಕ್ಕನ ಸ್ವೆಟರಿನ ಬೆನ್ನಿಗೆ ೯೬ ಕುಣಿಕೆ. ನಡುವಿನ ಕೋಣೆಯಲ್ಲಿ ಅಕ್ಕ ಮತ್ತು ನಾನು ಮಲಗುತ್ತಿದ್ದೆವು. ಅಲ್ಲಿನ ಗೋಡೆಗಳ ಮೇಲೆ ಯಾವ ಅಂಕಿಯೂ ಇರಲಿಲ್ಲ ಎಂದು ನನ್ನ ನೆನಪು. ಈ ನೆನಪು ತೀರಾ ಅಚ್ಚುಕಟ್ಟಾಗಿದೆ ಎಂಬ ಅನುಮಾನವೂ ನನಗಿದೆ. ನಿಜವಾದ ಮನೆಗಳು ಹೀಗೆ ಗೆರೆ ಎಳೆದ ಹಾಗೆ ಭಾಗವಾಗಿರುವುದಿಲ್ಲ. ಅಡಿಗೆಮನೆಯಲ್ಲೂ ಇಂಗ್ಲಿಷ್ ಅಂಕಿಯ ಡಬ್ಬ ಒಂದಾದರೂ ಇದ್ದಿರಬೇಕು, ಬಿಸ್ಕತ್ತಿನದೋ ಬೇಬಿ ಪೌಡರಿನದೋ. ಆದರೆ ಡೈರಿಯಲ್ಲಿ ಎಷ್ಟು ಸಲ ಹೊಡೆದುಹಾಕಿ ಬರೆದರೂ ಮನೆ ಹೀಗೆಯೇ ಬರುತ್ತದೆ. ಹಾಗಾಗಿ ಹೀಗೆಯೇ ಬಿಟ್ಟಿದ್ದೇನೆ.

ಅಪ್ಪ ದೆಹಲಿಯಲ್ಲಿ ಬಹಳ ವರ್ಷ ಒಬ್ಬರೇ ಇದ್ದರು. ಮಂತ್ರಾಲಯವೊಂದರಲ್ಲಿ ಅವರು ಗುಮಾಸ್ತರು. ಇತರ ಮೂವರ ಜೊತೆ ಒಂದೇ ಕೋಣೆಯಲ್ಲಿ ವಾಸ, ವರ್ಷಕ್ಕೊಮ್ಮೆ ತುಮಕೂರು. ಕ್ವಾರ್ಟರ್ಸ್ ಸಿಕ್ಕ ವರ್ಷ ಅಮ್ಮ, ಅಕ್ಕ, ನಾನು ಟ್ರಂಕುಗಳ ಸಮೇತ ಬಂದೆವು. ನಾನಾಗ ಮೂರನೇ ಕ್ಲಾಸು ಮುಗಿಸಿದ್ದೆ, ಕನ್ನಡದಲ್ಲಿ. ನನ್ನ ಮಗ್ಗಿ, ನನ್ನ ಕೂಡುವುದು ಕಳೆಯುವುದು ಎಲ್ಲವೂ ಕನ್ನಡ ಅಂಕಿಯವು. ಅಪ್ಪ ಆ ಹೊತ್ತಿಗೆ ಕನ್ನಡ ಅಂಕಿಯನ್ನು ಬರೆಯುವುದೇ ಬಿಟ್ಟಿದ್ದರು. ಅವರ ಕಾಗದಗಳಲ್ಲಿ ಒಕ್ಕಣೆ ಕನ್ನಡದ್ದು, ತಾರೀಕು ಇಂಗ್ಲಿಷಿನದು. ಅಮ್ಮ ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಅವಳಿಗೆ ಇಂಗ್ಲಿಷ್ ಅಂಕಿ ಬರುತ್ತಿರಲಿಲ್ಲ ಎಂದರೆ ಸುಳ್ಳಾದೀತು. ಬಸ್ಸಿನ ನಂಬರು ಓದುತ್ತಿದ್ದಳು, ಗಡಿಯಾರ ನೋಡುತ್ತಿದ್ದಳು. ಆದರೆ ಪರವೂರಿನ ಮುಖಗಳನ್ನು ಗುರುತಿಸುವಂತೆ, ಒಂದೊಂದನ್ನೇ, ತಡೆದು ನೋಡಿ ಗುರುತಿಸುತ್ತಿದ್ದಳು.

ಊಟದ ಹೊತ್ತಿನಲ್ಲಿ ಬಾಯಿಲೆಕ್ಕ ಕೇಳುವುದು ಅಪ್ಪನ ಪದ್ಧತಿ. ಒಂಟಿಯಾಗಿದ್ದಾಗ ಹೆಂಡತಿ ಮಕ್ಕಳ ಜೊತೆ ಕೂತು ಹೀಗೆ ಉಣ್ಣುವುದನ್ನು ಅವರು ಎಷ್ಟೋ ಸಲ ಕಲ್ಪಿಸಿಕೊಂಡಿದ್ದಿರಬೇಕು. ಸಾರನ್ನಕ್ಕೆ ಕೂಡುವ ಲೆಕ್ಕ, ಮಜ್ಜಿಗೆ ಅನ್ನಕ್ಕೆ ಗುಣಿಸುವ ಲೆಕ್ಕ. ನಡುವೆ ಪಲ್ಯ ಬೇಕಾದರೆ ಒಂದು ಭಾಗಾಕಾರ. ಅಕ್ಕ ನನಗಿಂತ ಐದು ವರ್ಷ ದೊಡ್ಡವಳು, ಬೆರಳಲ್ಲಿ ತಟ್ಟೆಯ ಮೇಲೆ ಗೀಚಿ ಉತ್ತರ ತೆಗೆಯುತ್ತಿದ್ದಳು. ನಾನು ಕಣ್ಣು ಮುಚ್ಚಿಕೊಂಡರೆ ಸಾಕು, ಕಪ್ಪು ಸ್ಲೇಟಿನ ಮೇಲೆ ಕನ್ನಡ ಅಂಕಿಗಳು ಒಂದರ ಕೆಳಗೊಂದು ಬಂದು ನಿಲ್ಲುತ್ತಿದ್ದವು. ಆದರೆ ನಾವಿಬ್ಬರೂ ಬಾಯಿ ತೆರೆಯುವ ಮೊದಲೇ ಒಲೆಯ ಕಡೆಯಿಂದ ಉತ್ತರ ಬರುತ್ತಿತ್ತು.

"ನಿನ್ನನ್ನ ಯಾರು ಕೇಳಿದ್ರು?" ಎನ್ನುತ್ತಿದ್ದರು ಅಪ್ಪ.

"ನಾನೆಲ್ಲಿ ಹೇಳಿದೆ? ಅದೇ ಬಾಯಿಂದ ಬಿತ್ತು. ಮಜ್ಜಿಗೆ ಹಾಕ್ಲಾ?"

ಆ ಮೊದಲ ಚಳಿಗಾಲದಲ್ಲಿ ಅಮ್ಮನ ಈ ಬಾಯಿ ನಮ್ಮ ಬ್ಲಾಕಿನಲ್ಲೆಲ್ಲ ಹೆಸರಾಯಿತು. ಹೆಣಿಗೆ ಏನೆಂದು ಅವಳಿಗೆ ಗೊತ್ತಿರಲಿಲ್ಲ. ತುಮಕೂರಿನಲ್ಲಿ ಸ್ವೆಟರು ಯಾರಿಗೆ ಬೇಕು? ಎದುರು ಮನೆಯ ಪಂಜಾಬಿ ಅಜ್ಜಿ, ಎಲ್ಲರೂ ಚಾಯೀಜಿ ಎಂದು ಕರೆಯುತ್ತಿದ್ದವರು, ಹುಲ್ಲಿನ ಮೇಲೆ ಬಿಸಿಲಿಗೆ ಕೂರಿಸಿಕೊಂಡು ಅವಳ ಕೈಗೆ ಕಡ್ಡಿ ಕೊಟ್ಟರು. ಹದಿನೈದು ದಿನದಲ್ಲಿ ಅಮ್ಮ ಹೆಣೆಯಲು ಕಲಿತಳು. ಇಪ್ಪತ್ತು ದಿನದಲ್ಲಿ ಹೆಂಗಸರೆಲ್ಲ ಅವಳ ಹತ್ತಿರ ಅಳತೆ ತರತೊಡಗಿದರು. ಒಂದು ಗೇಣಿಗೆ ಎಷ್ಟು ಕುಣಿಕೆ ಬರುತ್ತದೆ, ಎದೆ ಎಷ್ಟು ಗೇಣು, ಕಂಕುಳ ಹತ್ತಿರ ಎಷ್ಟು ಕಡಿಮೆ ಮಾಡಬೇಕು. ಅವರು ಹೇಳುವುದು, ಚಾಯೀಜಿಯ ಸೊಸೆ ಅದನ್ನು ಅಮ್ಮನಿಗೆ ತಿಳಿಯುವ ಹಿಂದಿಗೆ ಇಳಿಸುವುದು, ಅಮ್ಮ ಒಂದು ಗಳಿಗೆ ಆಕಾಶ ನೋಡಿ ಸಂಖ್ಯೆ ಹೇಳುವುದು. ಕುಣಿಕೆಗೆ ಅವಳೂ ಅವರ ಹಾಗೆ ಫಂದಾ ಎನ್ನುತ್ತಿದ್ದಳು. "ಮಶೀನ್ ಹೈ ಯೇ ಮದ್ರಾಸನ್, ಮಶೀನ್," ಎಂದು ಚಾಯೀಜಿ ಎಲ್ಲರಿಗೂ ಸಾರುತ್ತಿದ್ದರು. ತಾನು ಮದ್ರಾಸಿನವಳಲ್ಲ ಎಂದು ಹೇಳುವಷ್ಟು ಹಿಂದಿ ಅಮ್ಮನಿಗೆ ಬರುವ ಹೊತ್ತಿಗೆ ಆ ಹೆಸರೇ ಗಟ್ಟಿಯಾಗಿಬಿಟ್ಟಿತ್ತು.

ಇಂಥ ತಾಯಿಯ ಮಗಳಾದ ನಾನು ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತದಲ್ಲಿ ಫೇಲಾದೆ. ಸ್ವಲ್ಪದರಲ್ಲಿ ಅಲ್ಲ, ನೆಲಕಚ್ಚಿದ್ದೆ. ಶಾಲೆಯಲ್ಲಿ ನಮ್ಮ ಕ್ಲಾಸಿನ ಬೆಹೆನ್‌ಜಿ ಲೆಕ್ಕಗಳನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದರು, ಹಿಂದಿಯಲ್ಲಿ ಓದುತ್ತಿದ್ದರು. ಹಿಂದಿಯ ಸಂಖ್ಯೆಗಳು ನನಗಿನ್ನೂ ಬರುತ್ತಿರಲಿಲ್ಲ. ಆದ್ದರಿಂದ ನನಗೆ ಕಣ್ಣೊಂದೇ ದಾರಿ. ಅಲ್ಲೇ ತೊಡಕಾಗಿದ್ದು. ಇಂಗ್ಲಿಷಿನ 2 ಮತ್ತು 3 ನಮ್ಮ ೨ ಮತ್ತು ೩ರ ದಾಯಾದಿಗಳ ಹಾಗಿದ್ದವು, ತೊಂದರೆ ಕೊಡಲಿಲ್ಲ. 5, 6, 7 ಅಪರಿಚಿತರು. ತಡೆದು ನಿಂತು ಹೆಸರು ಕೇಳಿ ಮುಂದೆ ಹೋಗಬಹುದಿತ್ತು. ಕಾಡಿದ್ದು 8. ಅವಸರದಲ್ಲಿ ಬರೆದ ನಮ್ಮ ೪ ಹೆಚ್ಚು ಕಡಿಮೆ ಅದೇ ಆಕಾರ. ಅದು ಎಂಟು ಎಂದು ನನಗೆ ಗೊತ್ತಿತ್ತು. ಕೇಳಿದರೆ ಎಂಟು ಎಂದೇ ಹೇಳುತ್ತಿದ್ದೆ. ಆದರೆ ಕೂಡಲು ಶುರುಮಾಡಿದರೆ, ಕೈಯಲ್ಲಿ ಹಿಡಿದದ್ದು ಒಳಗೆ ಹೋಗುವಾಗ ಬೇರೆಯಾಗುತ್ತಿತ್ತು. ಇದನ್ನು ಆಗ ಯಾರಿಗೂ ವಿವರಿಸಿ ಹೇಳಲು ನನಗೆ ಬರುತ್ತಿರಲಿಲ್ಲ. ಈಗಲೂ ಪೂರ್ತಿ ಬರುತ್ತದೆಯೋ ಗೊತ್ತಿಲ್ಲ.

ಶಾಲೆಯಿಂದ ಚೀಟಿ ಬಂತು. ಚಳಿಗಾಲದ ರಜೆ ಮುಗಿದ ಮೇಲೆ ಮತ್ತೊಂದು ಪರೀಕ್ಷೆ. ಅದರಲ್ಲೂ ಫೇಲಾದರೆ ಮೂರನೇ ಕ್ಲಾಸಿಗೆ ಇಳಿಸುತ್ತೇವೆ ಎಂದು ಬರೆದಿತ್ತು. ಅಪ್ಪ ಚೀಟಿಯನ್ನು ಎರಡು ಸಲ ಓದಿದರು. ಕಂಬದಂತೆ ಬೆಳೆದಿದ್ದ ನಾನು ಚಿಕ್ಕ ಮಕ್ಕಳ ಜೊತೆ ಕೂರುವುದು ಅವರಿಗೆ ಸಹಿಸಲಾರದ ಸಂಗತಿ.

"ಅದಕ್ಕಿಂತ ಇವಳನ್ನ ತುಮಕೂರಿಗೆ ಕಳಿಸಿಬಿಡೋಣ. ಅತ್ತಿಗೆ ಮನೇಲಿದ್ದುಕೊಂಡು ಕನ್ನಡದಲ್ಲೇ ಓದಲಿ. ವರ್ಷವಾದರೂ ಉಳಿಯುತ್ತೆ."

ಅತ್ತಿಗೆ ಎಂದರೆ ನಮ್ಮ ದೊಡ್ಡಮ್ಮ, ಅಪ್ಪನ ಅಣ್ಣನ ಹೆಂಡತಿ. ಒಳ್ಳೆಯವರೇ. ಆದರೆ ನನಗೆ ಅಮ್ಮನ ಸೆರಗಿನ ವಾಸನೆ ಇಲ್ಲದ ಕಡೆ ನಿದ್ದೆ ಬರುತ್ತಿರಲಿಲ್ಲ. ಅಮ್ಮ ಆ ಹೊತ್ತಿನಲ್ಲಿ ಚಪಾತಿ ಹಿಟ್ಟನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ನಾದಿದಳು. ಆ ದಿನದಿಂದ ಮನೆಯಲ್ಲಿ ಯಾರೇ ಟ್ರಂಕು ಎಳೆದರೂ ನಾನು ಓಡಿಹೋಗಿ ನೋಡುತ್ತಿದ್ದೆ. ರಜಾಯಿ ತೆಗೆಯಲು ಎಳೆದಿದ್ದರೂ ಅಷ್ಟೇ.

ಭಾನುವಾರ ಬೆಳಗ್ಗೆ ಅಪ್ಪ ನನ್ನನ್ನು ಪರೀಕ್ಷಿಸಿದರು. ಗುಮಾಸ್ತರ ಬುದ್ಧಿ. ಬೈಯುವ ಮೊದಲು ಕಡತ ತಯಾರಿಸಬೇಕು. ಹಾಳೆಯನ್ನು ಉದ್ದಕ್ಕೆ ಮಡಿಸಿ ಎರಡು ಭಾಗ ಮಾಡಿ, ಒಂದು ಕಡೆ ಇಂಗ್ಲಿಷ್ ಅಂಕಿಯಲ್ಲಿ ಲೆಕ್ಕಗಳು, ಇನ್ನೊಂದು ಕಡೆ ಅಷ್ಟೇ ಕಷ್ಟದ ಬೇರೆ ಲೆಕ್ಕಗಳು ಕನ್ನಡ ಅಂಕಿಯಲ್ಲಿ. ಕನ್ನಡದ ೭ ಬರೆಯುವಾಗ ತಡೆದು ಅಮ್ಮನನ್ನು ಕೇಳಿದರು. ಅವಳು ಒದ್ದೆ ಬೆರಳಲ್ಲಿ ನೆಲದ ಮೇಲೆ ಬರೆದು ತೋರಿಸಿದಳು. ಎರಡೂ ಕಡೆ ಐದೈದು ಲೆಕ್ಕ ಎಂದು ನನ್ನ ನೆನಪು. ಹತ್ತಿದ್ದರೂ ಇದ್ದಾವು. ಅಪ್ಪ ಕೈಗಡಿಯಾರ ಬಿಚ್ಚಿ ಎದುರಿಗಿಟ್ಟುಕೊಂಡರು. ಕನ್ನಡದ ಭಾಗವನ್ನು ನಾನು ಹೇಗೆ ಮುಗಿಸಿದೆನೋ ನನಗೇ ತಿಳಿಯಲಿಲ್ಲ. ಎಲ್ಲ ಸರಿ. ಇಂಗ್ಲಿಷಿನದಕ್ಕೆ ಬಹಳ ಹೊತ್ತು ಹಿಡಿಯಿತು, ತಪ್ಪುಗಳೂ ಆದವು. ಅಪ್ಪ ಒಂದು ಲೆಕ್ಕದ ಮೇಲೆ ಬೆರಳಿಟ್ಟರು. 38ಕ್ಕೆ 14 ಕೂಡಿ ನಾನು 48 ಎಂದು ಬರೆದಿದ್ದೆ.

"ಮೂವತ್ತೆಂಟೂ ಹದಿನಾಲ್ಕೂ ಎಷ್ಟೇ?" ಬಾಯಲ್ಲಿ ಕೇಳಿದರು.

"ಐವತ್ತೆರಡು."

"ಮತ್ತೆ ನಲವತ್ತೆಂಟು ಅಂತ ಯಾಕೆ ಬರೆದೆ? ಇದೇನು, ಹೇಳು."

"ಎಂಟು."

"ಗೊತ್ತಿದೆಯಲ್ಲ! ಮತ್ತೆ?"

"ಗೊತ್ತು. ಆದ್ರೆ ಕೂಡೋವಾಗ ಅದು ನಾಲ್ಕಾಗುತ್ತೆ."

ಅಪ್ಪ ನನ್ನನ್ನು ನೋಡಿದ ರೀತಿ ನೆನಪಿದೆ. ಸಿಟ್ಟಲ್ಲ. ಕಚೇರಿಯಲ್ಲಿ ಬಗೆಹರಿಯದ ಅರ್ಜಿಯನ್ನು ನೋಡುವ ಹಾಗೆ ನೋಡಿದರು. ಬಾಗಿಲಲ್ಲಿ ನಿಂತಿದ್ದ ಅಮ್ಮ ಹೇಳಿದಳು:

"ತಲೆ ಸರಿಯಾಗೇ ಇದೆ ರೀ ಅವಳದ್ದು. ಕಣ್ಣಿಗೆ ಹೊಸದು, ಅಷ್ಟೆ. ಒಂದಷ್ಟು ದಿನ ಬಿಡಿ."

"ದಿನ ಎಲ್ಲಿದೆ? ಇನ್ನು ಐದು ವಾರಕ್ಕೆ ಪರೀಕ್ಷೆ. ಶಾಲೇಲಿ ಒಂದು ಅಂಕಿ, ಅಡಿಗೆಮನೇಲಿ ಒಂದು ಅಂಕಿ ಅಂದ್ರೆ ಮಗು ಏನು ಮಾಡುತ್ತೆ? ಇವತ್ತಿಂದ ಈ ಮನೇಲಿ ಒಂದೇ."

"ಯಾವುದು?"

"ಯಾವುದು ಅಂದ್ರೆ? ಸಂವಿಧಾನದಲ್ಲೇ ಬರೆದಿದೆ. ಕೇಂದ್ರ ಸರ್ಕಾರದ ಕೆಲಸಕ್ಕೆಲ್ಲ ಭಾರತೀಯ ಅಂಕಿಗಳ ಅಂತಾರಾಷ್ಟ್ರೀಯ ರೂಪ."

"ನನ್ನ ಉಪ್ಪಿನಕಾಯಿ ಕೇಂದ್ರ ಸರ್ಕಾರದ ಕೆಲಸವಾ?"

"ಗೋಡೆ ಕೇಂದ್ರ ಸರ್ಕಾರದ್ದು."

ಅಕ್ಕ ಕಿಸಕ್ಕನೆ ನಕ್ಕಳು. ಅಪ್ಪನಿಗೂ ನಗು ಬಂದಿರಬೇಕು, ಮುಖ ತಿರುಗಿಸಿಕೊಂಡರು. ಅಮ್ಮ ನಗಲಿಲ್ಲ. ನನ್ನ ಕಡೆ ಒಮ್ಮೆ ನೋಡಿ ಒದ್ದೆ ಬಟ್ಟೆ ತಂದು ಗೋಡೆಯನ್ನು ತಾನೇ ಒರೆಸಿದಳು. ಸುಣ್ಣದ ಮೇಲಿನ ಪೆನ್ಸಿಲು ಪೂರ್ತಿ ಹೋಗುವುದಿಲ್ಲ. ಮೋಡದ ಹಾಗೆ ಒಂದು ಬೂದು ಕಲೆ ಉಳಿಯಿತು. ದೊಡ್ಡಮ್ಮನ ಕ್ಯಾಲೆಂಡರು ಟ್ರಂಕಿನೊಳಗೆ ಹೋಯಿತು. ಆ ದಿನದಿಂದ ಅಮ್ಮ ಏನನ್ನೂ ಬರೆಯಲಿಲ್ಲ. ಇಂಗ್ಲಿಷಿನಲ್ಲೂ ಇಲ್ಲ, ಕನ್ನಡದಲ್ಲೂ ಇಲ್ಲ. ಧೋಬಿಯ ಬಟ್ಟೆ, ಉಪ್ಪಿನಕಾಯಿಯ ದಿನ, ಸ್ವೆಟರಿನ ಕುಣಿಕೆ ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಂಡಳು. ಮರೆತುಹೋಗಲ್ವಾ ಎಂದು ಅಕ್ಕ ಕೇಳಿದ್ದಕ್ಕೆ, "ತಲೇಲಿ ಬರ್ಕೊಳೋದಕ್ಕೆ ನಿಮ್ಮಪ್ಪನ ಪರ್ಮಿಷನ್ ಬೇಡ" ಎಂದಳು. ಅವಳಿಗೆ ನೋವಾಯಿತೇ? ಮುಂದೆ ನಲವತ್ತು ವರ್ಷ ಅವಳು ಬದುಕಿದ್ದಳು. ಆ ಕಾಲದಲ್ಲಿ ಎಂದಾದರೂ ಒಂದು ಮಧ್ಯಾಹ್ನ ಕೇಳಬಹುದಿತ್ತು. ಕೇಳಲಿಲ್ಲ. ಈಗ ನಾನೇ ಪ್ರಶ್ನೆ ಕೇಳಿ ನಾನೇ ಅವಳ ದನಿಯಲ್ಲಿ ಉತ್ತರ ಬರೆದುಕೊಳ್ಳುತ್ತಿದ್ದೇನೆ. ಅದು ನನಗೆ ಸರಿಕಾಣುವುದಿಲ್ಲ.

ಆ ಐದು ವಾರ ಅಪ್ಪ ನನಗೆ ಪಾಠ ಮಾಡಿದರು. ಕಚೇರಿಯಿಂದ ಬಂದು ಮಫ್ಲರು ಕೂಡ ಬಿಚ್ಚದೆ ಕೂರುತ್ತಿದ್ದರು. ಮನೆಯಲ್ಲೆಲ್ಲ 8 ಎಂದು ಬರೆದ ಚೀಟಿಗಳು: ಕನ್ನಡಿಯ ಮೇಲೆ, ಹಾಲಿನ ಬಾಟಲಿಯ ಮೇಲೆ, ಬಚ್ಚಲಿನ ಬಾಗಿಲ ಹಿಂದೆ. ಅದನ್ನು ಕಂಡಾಗಲೆಲ್ಲ ಜೋರಾಗಿ ಎಂಟು ಎನ್ನಬೇಕು. ಬಾಯಿಲೆಕ್ಕ ನಿಂತಿತು. ಊಟದ ಹೊತ್ತಿನಲ್ಲಿ ಸಂಖ್ಯೆಗಳನ್ನು ಹೇಳುವ ಬದಲು ಅಪ್ಪ ಚೀಟಿಯಲ್ಲಿ ಬರೆದು ನನ್ನ ತಟ್ಟೆಯ ಪಕ್ಕ ಸರಿಸುತ್ತಿದ್ದರು. ಒಲೆಯ ಕಡೆಯಿಂದ ಉತ್ತರ ಬರುವುದೂ ತಾನಾಗಿ ನಿಂತಿತು. ನಾನು ಇದನ್ನು ಅಪ್ಪನ ಕ್ರೌರ್ಯ ಎಂದು ಬರೆಯಹೊರಟು ಒಂದು ಪುಟ ಹರಿದುಹಾಕಿದ್ದೇನೆ. ನನ್ನನ್ನು ಊರಿಗೆ ಕಳಿಸಬಾರದು ಎಂದು ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕಷ್ಟಪಟ್ಟವರು ಅಪ್ಪನೇ.

ಒಂದು ದಿನ 8 ಎಂಟಾಯಿತು. ಯಾವ ದಿನ ಎಂದು ಹೇಳಲಾರೆ. ಹೇಳದೆ ಕೇಳದೆ ಆಯಿತು. ಕೂಡುವಾಗ ಅದು ದಾರಿಯಲ್ಲಿ ಎಲ್ಲೂ ಬದಲಾಗದೆ ಒಳಗೆ ಬಂದು ಕೂತಿತು. ಕಣ್ಣು ಮುಚ್ಚಿದರೆ ಸ್ಲೇಟಿನ ಮೇಲೆ ಈಗ ಇಂಗ್ಲಿಷ್ ಅಂಕಿಗಳು ನಿಲ್ಲುತ್ತಿದ್ದವು. ಅದಾದ ಕೆಲವೇ ದಿನಕ್ಕೆ ದೊಡ್ಡಮ್ಮನ ಕಾರ್ಡು ಬಂತು. ಅಮ್ಮನ ಕೈ ಹಿಟ್ಟಾಗಿತ್ತು, ನಾನು ಓದಿ ಹೇಳಿದೆ. ದೊಡ್ಡಮ್ಮನ ಮೊಮ್ಮಗನ ನಾಮಕರಣ ಹದಿನೆಂಟನೇ ತಾರೀಕು. ಅಮ್ಮ ಸುಮ್ಮನೆ ಬಗ್ಗಿ ಕಾರ್ಡು ನೋಡಿದಳು.

"ಹದಿನಾಲ್ಕು ಕಣೇ ಪುಟ್ಟಿ ಅದು," ಎಂದಳು ಮೆಲ್ಲಗೆ.

೧೪ ಎಂದೇ ಬರೆದಿತ್ತು. ಅಪ್ಪ ಖುಷಿಯಾಗಿ ತೊಡೆ ತಟ್ಟಿಕೊಂಡರು. ಅಮ್ಮ ಹಿಟ್ಟಿನ ಕೈಯನ್ನು ತೊಳೆದುಕೊಂಡಳು. ಹೋದ ವಾರ, ಇಷ್ಟು ವರ್ಷಗಳ ಮೇಲೆ, ದೆಹಲಿಯ ದ್ವಾರಕಾದ ಈ ಫ್ಲ್ಯಾಟಿನಲ್ಲಿ ಕೂತು, ಅಪ್ಪನ ಹಾಗೆಯೇ ಹಾಳೆ ಮಡಿಸಿ ಎರಡು ಬಗೆಯಲ್ಲಿ ಲೆಕ್ಕ ಬರೆದುಕೊಂಡು ಮೊಬೈಲಿನಲ್ಲಿ ಸಮಯ ಹಿಡಿದು ನನ್ನನ್ನೇ ಪರೀಕ್ಷೆ ಮಾಡಿಕೊಂಡೆ. ಕನ್ನಡದ್ದಕ್ಕೆ ಹೆಚ್ಚು ಹೊತ್ತು ಬೇಕಾಯಿತು. ೪ರ ಹತ್ತಿರ ಬಂದಾಗಲೆಲ್ಲ ತುಟಿ ಅಲ್ಲಾಡಿತು. ಹಾಳೆಯನ್ನು ಹರಿದು ಬುಟ್ಟಿಗೆ ಹಾಕಿ, ಮತ್ತೆ ತೆಗೆದು, ಮತ್ತೆ ಹಾಕಿದೆ.

ಮರುಪರೀಕ್ಷೆಯ ಹೊತ್ತಿಗೆ ಅಪ್ಪ ಲಖನೌಗೆ ಟೂರು ಹೋಗಿದ್ದರು. ಹತ್ತು ಲೆಕ್ಕ. ಎಂಟು ಸಲೀಸಾಗಿ ಆದವು. ಒಂಬತ್ತನೆಯದರಲ್ಲಿ ಎಂಟುಗಳೂ ನಾಲ್ಕುಗಳೂ ಒಟ್ಟಿಗೆ ಬಂದವು. ಕೈ ತಣ್ಣಗಾಗಿತ್ತು, ಹೊರಗೆ ಮಂಜು. ಇದ್ದಕ್ಕಿದ್ದ ಹಾಗೆ ಯಾವುದು ಯಾವುದೆಂದು ತಿಳಿಯದಾಯಿತು. ಇಂಗ್ಲಿಷಿನದೂ ಹೋಯಿತು, ಕನ್ನಡದ್ದೂ ಹೋಯಿತು. ಟ್ರಂಕು ಕಣ್ಣ ಮುಂದೆ ಬಂತು. ಆಗ ನಾನು, ಚೀಟಿ ಕಂಡಾಗಲೆಲ್ಲ ಎಂಟು ಎನ್ನುತ್ತಿದ್ದ ಹಾಗೆ, ಸಂಖ್ಯೆಗಳನ್ನು ಒಂದೊಂದಾಗಿ ಕನ್ನಡದಲ್ಲಿ ಪಿಸುಗುಟ್ಟಿಕೊಂಡು, ಹಾಳೆಯ ಅಂಚಿನಲ್ಲಿ ಚಿಕ್ಕದಾಗಿ ಕನ್ನಡ ಅಂಕಿಯಲ್ಲಿ, ಅಮ್ಮನ ರೀತಿಯಲ್ಲಿ ಲೆಕ್ಕ ಮಾಡಿದೆ. ದೊಡ್ಡದನ್ನು ಹತ್ತರ ಮಟ್ಟಕ್ಕೆ ಏರಿಸು, ಹೆಚ್ಚಾದದ್ದನ್ನು ಆಮೇಲೆ ಕಿತ್ತುಹಾಕು. ಉತ್ತರವನ್ನು ಇಂಗ್ಲಿಷಿನಲ್ಲಿ ಬರೆದೆ. ಹತ್ತಕ್ಕೆ ಹತ್ತೂ ಸರಿ. ಆದರೆ ಬೆಹೆನ್‌ಜಿ ಅಂಚಿನಲ್ಲಿದ್ದ ಗುರುತುಗಳ ಮೇಲೆ ಕೆಂಪು ಪೆನ್ನು ಸುತ್ತಿದರು.

"ಯೇ ಕ್ಯಾ ಹೈ? ಕಹಾಂ ಸೇ ನಕಲ್ ಕೀ?"

ಎಲ್ಲಿಂದ ಕಾಪಿ ಹೊಡೆದೆ ಎಂದು ಕೇಳುತ್ತಿದ್ದರು. ಗುಟ್ಟಿನ ಲಿಪಿಯಲ್ಲಿ ಯಾರೋ ಉತ್ತರ ಬರೆದುಕೊಟ್ಟಿದ್ದಾರೆ ಎಂದು ಅವರಿಗೆ ಅನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ನಕಲಲ್ಲ, ಮಾ ಕಲಿಸಿದ್ದು ಎಂದೆ. ಹಾಗಾದರೆ ನಾಳೆ ತಾಯಿಯನ್ನು ಕರೆದುಕೊಂಡು ಬಾ, ಅಲ್ಲಿಯವರೆಗೆ ಪಾಸೂ ಇಲ್ಲ ಫೇಲೂ ಇಲ್ಲ ಎಂದರು.

ಇಲ್ಲಿಂದ ಮುಂದಿನದು ನಡೆದೇ ಇಲ್ಲ ಎನ್ನುತ್ತಾಳೆ ನನ್ನ ಅಕ್ಕ. ಅವಳೀಗ ಇದೇ ದೆಹಲಿಯ ಲಕ್ಷ್ಮೀ ನಗರದಲ್ಲಿ ಮಗನ ಜೊತೆ ಇದ್ದಾಳೆ. ಈ ಅಧ್ಯಾಯ ಬರೆಯುತ್ತಿದ್ದೇನೆ ಎಂದು ಫೋನಿನಲ್ಲಿ ಹೇಳಿದೆ.

"ಅಮ್ಮ ನಿನ್ನ ಶಾಲೆಗೆ ಕಾಲೇ ಇಟ್ಟಿಲ್ಲ ಕಣೆ. ಅಪ್ಪ ಟೂರಿಂದ ಬಂದ್ಮೇಲೆ ಹೋಗಿ ಮಾತಾಡಿದ್ದು."

"ನೀನು ಬೇರೆ ಸ್ಕೂಲಲ್ಲಿದ್ದೆ, ನಿಂಗೇನು ಗೊತ್ತು?"

"ನಿಂಗೆ ಯಾವಾಗ್ಲೂ ಅಮ್ಮನ್ನ ಪಾಪದೋಳು ಮಾಡ್ಬೇಕು. ಆಮೇಲೆ ಕೂತ್ಕೊಂಡು ಅಳ್ಬೇಕು. ಅಮ್ಮ ಅಂಥೋಳಾ? ಧೋಬಿ ನಡುಗ್ತಿದ್ದ ಅವಳನ್ನ ಕಂಡ್ರೆ."

ಅವಳು ಹೇಳುವುದರಲ್ಲಿ ಹುರುಳಿದೆ. ಅವಳು ದೊಡ್ಡವಳು, ಅವಳ ನೆನಪು ಗಟ್ಟಿ. ಅಪ್ಪ ಆಮೇಲೆ ಒಮ್ಮೆ ಶಾಲೆಗೆ ಹೋಗಿದ್ದೂ ನಿಜವಿರಬಹುದು. ನನ್ನ ಕಡೆ ಇರುವ ಸಾಕ್ಷಿ ಒಂದೇ, ಅದೂ ವಿಚಿತ್ರದ್ದು. ಆ ದಿನ ಅಮ್ಮ ಉಟ್ಟ ಸೀರೆ ನನಗೆ ನೆನಪಿಲ್ಲ. ನಾನು ಕಟ್ಟಿದ ಕತೆಯಾಗಿದ್ದರೆ ಅವಳಿಗೊಂದು ಸೀರೆ ಉಡಿಸಿರುತ್ತಿದ್ದೆ.

ನಾವು ಹೋದಾಗ ಬೆಹೆನ್‌ಜಿ ಮೇಜಿನ ಹಿಂದೆ ಹೆಣೆಯುತ್ತಿದ್ದರು. ಆ ಕಾಲದಲ್ಲಿ ಎಲ್ಲ ಟೀಚರುಗಳೂ ಚಳಿಗಾಲದಲ್ಲಿ ಕ್ಲಾಸಿನಲ್ಲೇ ಹೆಣೆಯುತ್ತಿದ್ದರು. ಅಮ್ಮ ನಮಸ್ತೇ ಎಂದಳು, ಅವಳ ಕಣ್ಣು ಮೊದಲು ಹೋದದ್ದು ಆ ಹೆಣಿಗೆಯ ಮೇಲೆ. ಬೆಹೆನ್‌ಜಿ ಕೆಟ್ಟವರಲ್ಲ. ಕುರ್ಚಿ ತೋರಿಸಿದರು. ಅಮ್ಮ ಕೂರಲಿಲ್ಲ. ಬೆಹೆನ್‌ಜಿ ನನ್ನ ಹಾಳೆಯನ್ನು ಮುಂದೆ ಹಿಡಿದು, ಇದು ನೀವು ಕಲಿಸಿದ್ದೇ ಎಂದು ಕೇಳಿದರು. ಅಮ್ಮ ನೋಡಿ, "ಹಾಂ ಜೀ, ಮೈಂ," ಹೌದು, ನಾನೇ, ಎಂದಳು. ಅವಳ ಮುಖದಲ್ಲಿ ಏನೋ ಬೆಳಗಿತು. ಅಂಚಿನಲ್ಲಿದ್ದದ್ದು ಅವಳ ಲೆಕ್ಕ, ಅವಳ ಅಂಕಿ. ಹಾಗಿದ್ದರೆ ತೋರಿಸಿ, ಹೇಗೆ ಮಾಡುತ್ತೀರಿ ನೋಡೋಣ ಎಂದರು ಬೆಹೆನ್‌ಜಿ. ನಿಜವಾದ ಕುತೂಹಲದಿಂದಲೇ ಹೇಳಿದರು ಎಂದು ಈಗ ಅನಿಸುತ್ತದೆ. ಎದ್ದು ಬೋರ್ಡಿನ ಮೇಲೆ ದೊಡ್ಡದಾಗಿ 84 × 37 ಎಂದು ಬರೆದು ಸೀಮೆಸುಣ್ಣವನ್ನು ಅಮ್ಮನ ಕೈಗೆ ಕೊಟ್ಟರು.

ಅಮ್ಮ ಬೋರ್ಡಿನ ಮುಂದೆ ನಿಂತಳು. ನನ್ನ ಕ್ಲಾಸಿನ ನಲವತ್ತು ಹುಡುಗಿಯರು ಅವಳ ಬೆನ್ನು ನೋಡುತ್ತಿದ್ದರು. ಅವಳ ತುಟಿ ಅಲ್ಲಾಡಿತು, ನಿಂತಿತು, ಮತ್ತೆ ಅಲ್ಲಾಡಿತು. ಮೊದಲನೆಯ ಅಂಕಿಯ ಹತ್ತಿರವೇ ಅವಳು ಸಿಕ್ಕಿಕೊಂಡಿದ್ದಾಳೆ ಎಂದು ನನಗೆ ಗೊತ್ತಾಯಿತು. ಆ ಕೋಣೆಯಲ್ಲಿ ಅದು ಗೊತ್ತಾಗಬಹುದಾಗಿದ್ದವಳು ನಾನೊಬ್ಬಳೇ. ಐದು ವಾರದ ಹಿಂದೆ ನಾನು ನಿಂತಿದ್ದ ಜಾಗ ಅದು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. "ಆತಾ ನಹೀಂ ಹೈ ಇನ್‌ಕೋ," ಬರಲ್ಲ ಇವರಿಗೆ, ಎಂದು ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಬೆಹೆನ್‌ಜಿಯ ಮುಖ ಗಂಭೀರವಾಯಿತು. ತಾಯಿಗೆ ಬಾರದ ಲೆಕ್ಕವನ್ನು ಮಗಳಿಗೆ ಹೇಗೆ ಕಲಿಸಿದಳು ಎಂದು ಅವರು ಯೋಚಿಸುತ್ತಿದ್ದಿರಬೇಕು. ಇನ್ನೊಂದು ಗಳಿಗೆ ಹೋದರೆ ನಕಲು ಎಂದೇ ತೀರ್ಮಾನವಾಗುತ್ತದೆ, ನಾನು ತುಮಕೂರಿನ ರೈಲಿನಲ್ಲಿರುತ್ತೇನೆ. ಆಗ ಅಮ್ಮ ತಿರುಗಿ ನನ್ನ ಕಡೆ ನೋಡಿದಳು.

ನಾನು ಎದ್ದು ಹೋಗಿ ಅವಳ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡೆ. ಅಪ್ಪ ಕಲಿಸಿದ ಹಾಗೆ, ಬಲದಿಂದ ಎಡಕ್ಕೆ, ಸ್ಥಾನ ಹಿಡಿದು, ದಶಕವನ್ನು ಮೇಲೆ ಚಿಕ್ಕದಾಗಿ ಬರೆದುಕೊಂಡು ಗುಣಿಸಿದೆ. 588. ಅದರ ಕೆಳಗೆ ಒಂದು ಸ್ಥಾನ ಬಿಟ್ಟು 252. ಗೆರೆ. 3108. ಎಲ್ಲೂ ತಡೆಯಲಿಲ್ಲ. ಒಂದು ಅಂಕಿಯೂ ದಾರಿಯಲ್ಲಿ ರೂಪ ಬದಲಿಸಲಿಲ್ಲ. ಸೀಮೆಸುಣ್ಣ ಬೋರ್ಡಿನ ಮೇಲೆ ಟಕಟಕ ಸದ್ದು ಮಾಡುತ್ತಿದ್ದಾಗ ನನಗೆ ಆದ ಖುಷಿಯನ್ನು ಮುಚ್ಚಿಡುವುದಿಲ್ಲ. ಅಷ್ಟು ಖುಷಿ ಆಮೇಲೆ ಯಾವ ಪರೀಕ್ಷೆಯಲ್ಲೂ ಆಗಲಿಲ್ಲ. ಅಮ್ಮ ಪಕ್ಕದಲ್ಲಿ, ಬೋರ್ಡಿಗೆ ಅಡ್ಡವಾಗದ ಹಾಗೆ ಸರಿದು ನಿಂತಿದ್ದಳು.

"ಶಾಬಾಶ್! ಚಲೋ, ಪಾಸ್," ಎಂದರು ಬೆಹೆನ್‌ಜಿ. ಆಮೇಲೆ ಅಮ್ಮನ ಕಡೆ ತಿರುಗಿ, ಮಗು ಜಾಣೆ, ಮನೆಯಲ್ಲಿ ಆ ಅಂಕಿಗಳನ್ನು ಕಲಿಸಬೇಡಿ, ಗೊಂದಲವಾಗುತ್ತದೆ ಎಂದು ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದರು.

"ಅಚ್ಛಾ ಜೀ," ಎಂದಳು ಅಮ್ಮ.

ಬೆಹೆನ್‌ಜಿ ನನಗೆ ಉಳಿದ ಅರ್ಧ ದಿನ ರಜೆ ಕೊಟ್ಟರು. ಬೇವಿನ ಮರಗಳ ಕೆಳಗೆ ಮನೆಯ ಕಡೆ ನಡೆದೆವು. ಮಂಜು ಕರಗಿ ತೆಳು ಬಿಸಿಲು ಬಂದಿತ್ತು. ನಾನು ಪಾಸಾದದ್ದನ್ನೇ ಹೇಳುತ್ತಿದ್ದೆ. ಅಪ್ಪನಿಗೆ ಏನು ಹೇಳಬೇಕು, ಇನ್ನು ಊರಿಗೆ ಹೋಗಬೇಕಾಗಿಲ್ಲ ಅಲ್ವಾ, ನಾಲ್ಕನೇ ಕ್ಲಾಸಲ್ಲೇ ಇರಬಹುದು ಅಲ್ವಾ. ಅಮ್ಮ ಹೂಂ ಎನ್ನುತ್ತಿದ್ದಳು. ಹಾಲಿನ ಬೂತು ದಾಟಿದ ಮೇಲೆ ಕೇಳಿದಳು:

"ಅದು ಎಷ್ಟಿತ್ತೇ ಪುಟ್ಟಿ?"

"ಯಾವುದು?"

"ಬೋರ್ಡಿನ ಮೇಲೆ ಬರೆದಿದ್ರಲ್ಲ."

"ಎಂಬತ್ತನಾಲ್ಕು, ಮೂವತ್ತೇಳಲೆ."

ಅವಳ ನಡಿಗೆ ನಿಧಾನವಾಗಲಿಲ್ಲ. ತಲೆ ಎತ್ತಿ ಮರಗಳ ಮೇಲಿನ ಆಕಾಶ ನೋಡಿದಳು. ನಾನು ನಾಲ್ಕು ಹೆಜ್ಜೆ ಇಟ್ಟಿದ್ದೆನೋ ಐದೋ.

"ಮೂರು ಸಾವಿರದ ನೂರಾ ಎಂಟು," ಎಂದಳು. "ಅಷ್ಟೇನಾ?"

ಬೋರ್ಡಿನ ಮುಂದೆ ಅವಳು ನನ್ನ ಕಡೆ ತಿರುಗಿದ್ದು ಸೀಮೆಸುಣ್ಣ ಕೊಡುವುದಕ್ಕಲ್ಲ ಎಂದು ನನಗೆ ಆಗ ಹೊಳೆಯಿತು. ಆ ಎರಡು ಸಂಖ್ಯೆಗಳನ್ನು ನಾನು ಬಾಯಲ್ಲಿ ಹೇಳಿದ್ದರೆ ಸಾಕಿತ್ತು.

"ಸರಿಯಾಗಿದೆ ಅಮ್ಮ," ಎಂದೆ.

"ಗೊತ್ತು," ಎಂದಳು. "ಬೇಗ ನಡಿ. ನಿಮ್ಮಕ್ಕ ಬಂದು ಬೀಗ ನೋಡ್ಕೊಂಡು ನಿಂತಿರ್ತಾಳೆ."